ತೊಟ್ಟಿಲಿನ ಕಡೆಗೆ ಹಲವು ದಾರಿಗಳು

ನಾವು ಪತ್ರಿಕೆಯ ಮೇಜಿಗೆ ಬರುವ ಮೊದಲು ಹೊಟೇಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ ಕಾಲದ ಮಾತು. ಒಂದು ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ನಮ್ಮ ಅಡಿಗೆಯ ಭಟ್ಟರು ಕೈ ಒರೆಸಿಕೊಳ್ಳುತ್ತ ಬಂದು ನಿಂತರು. ಹನ್ನೆರಡು ವರುಷಗಳಿಂದ ನಮ್ಮಲ್ಲಿ ದೋಸೆಯ ಕಾವಲಿಯನ್ನು ನೋಡಿಕೊಂಡಿದ್ದವರು, ಕುಂದಾಪುರದ ಕಡೆಯವರು, ಮಿತಭಾಷಿಗಳು. ಅವರಿಗೆ ಒಂದು ತಿಂಗಳ ರಜೆಯೂ ನಲವತ್ತು ಸಾವಿರ ರೂಪಾಯಿಗಳ ಮುಂಗಡವೂ ಬೇಕಾಗಿತ್ತು. ಏತಕ್ಕೆಂದು ಕೇಳಿದೆವು. ಮದುವೆಗೆ ಎಂದರು. ಯಾರ ಮದುವೆಯೆಂದು ಕೇಳಿದೆವು. ನೆಲವನ್ನು ನೋಡುತ್ತ "ನನ್ನದೇ" ಎಂದರು.

ಅವರಿಗೆ ಮದುವೆಯಾಗಿ ಆಗಲೇ ಒಂಬತ್ತು ವರುಷಗಳು ಕಳೆದಿದ್ದವು. ಹೆಂಡತಿಯು ಊರಿನಲ್ಲಿ ಅತ್ತೆಯ ಸೇವೆ ಮಾಡಿಕೊಂಡು, ಎರಡು ಹಸುಗಳನ್ನು ನೋಡಿಕೊಂಡು ಇದ್ದಳು. ಮಕ್ಕಳಾಗಿರಲಿಲ್ಲ. ಹರಕೆಗಳು ಮುಗಿದವು, ಸರ್ಪಸಂಸ್ಕಾರವೂ ಆಯಿತು. ಇನ್ನು ಬೇರೆ ಹೆಣ್ಣನ್ನು ತರುವುದೊಂದೇ ಉಳಿದಿದೆಯೆಂದು ತಾಯಿಯು ಹಟ ಹಿಡಿದಿದ್ದಳು. ಆ ಸೊಸೆಯು ತಾನೇ ಮುಂದೆ ನಿಂತು ಒಪ್ಪಿಗೆಯನ್ನು ಕೊಟ್ಟಿದ್ದಳಂತೆ. "ಅವಳಿಗೂ ಸಮ್ಮತವಿದೆ" ಎಂದು ಭಟ್ಟರು ಹೇಳಿದಾಗ ಅವರ ಗಂಟಲು ಕಟ್ಟಿತು.

1955ರ ಹಿಂದೂ ವಿವಾಹ ಅಧಿನಿಯಮದ ಮೇರೆಗೆ ಹೆಂಡತಿಯು ಬದುಕಿರುವಾಗ ಇನ್ನೊಂದು ಮದುವೆ ನಿಲ್ಲದು, ಅದು ಶಿಕ್ಷಾರ್ಹ ಅಪರಾಧವೂ ಹೌದು, ಒಪ್ಪಿಗೆಯಿದ್ದರೂ ಅಷ್ಟೇ, ಎಂದು ನಾವು ತಿಳಿಸಿದೆವು. ಅವರು ಹೋದ ಮೇಲೆ ಏಕೋ ಮನಸ್ಸು ತಡೆಯದೆ ರಜೆಯ ಪುಸ್ತಕವನ್ನು ತೆಗೆದು ನೋಡಿದೆವು. ವರುಷಕ್ಕೆ ಇಪ್ಪತ್ತು ದಿನಗಳಂತೆ ಒಂಬತ್ತು ವರುಷಗಳಿಗೆ ನೂರ ಎಂಬತ್ತು ದಿನಗಳು! ಒಂಬತ್ತು ವರುಷಗಳ ದಾಂಪತ್ಯದಲ್ಲಿ ಗಂಡಹೆಂಡಿರು ಒಂದು ಸೂರಿನ ಕೆಳಗೆ ಕಳೆದುದು ಕೇವಲ ಆರು ತಿಂಗಳು. ಅದರಲ್ಲಿ ನೆಂಟರ ಮದುವೆ, ತಿಥಿ, ಜಾತ್ರೆಗಳಿಗೆ ಹೋದ ದಿನಗಳನ್ನು ಕಳೆದರೆ ಉಳಿದುದೆಷ್ಟು? ಆ ರಜೆಯನ್ನು ಬಿಗಿಹಿಡಿದು ಕೊಟ್ಟವರು ಬೇರೆ ಯಾರೂ ಅಲ್ಲ, ನಾವೇ. ಸೀಸನ್ನಿನಲ್ಲಿ ಬಿಡಲಾಗುವುದಿಲ್ಲವೆಂದು ಎರಡು ಸಲ ಅವರ ರಜೆಯನ್ನು ಮುಂದೂಡಿದವರೂ ನಾವೇ. ಬಂಜೆಯೆಂಬ ಹೆಸರು ಮಾತ್ರ ಆ ಹೆಣ್ಣುಮಗಳದು.

ಈ ಲೇಖನವನ್ನು ಬರೆಯುವುದಕ್ಕೆ ಆ ರಾತ್ರಿಯ ಲೆಕ್ಕವೇ ಕಾರಣ. ನಮ್ಮ ವಾಚಕರಲ್ಲಿ ಎಷ್ಟೋ ಮಂದಿ ಹೆಂಡತಿಯನ್ನು ಊರಿನಲ್ಲಿ ಬಿಟ್ಟು ಬಂದವರು. ಹತ್ತು ಜನರೊಡನೆ ಒಂದೇ ಖೋಲಿಯಲ್ಲಿ ಮಲಗುವವರು. ತಾಯಿಯಾಗುವುದು ಹೆಣ್ಣಿನ ಕೆಲಸ, ಅದು ತಾನಾಗಿ ಆಗಬೇಕು, ಆಗದಿದ್ದರೆ ಅವಳ ದೋಷ ಎಂಬ ತಿಳಿವಳಿಕೆ ನಮ್ಮೊಳಗೆ ಬೇರುಬಿಟ್ಟಿದೆ. ನಿಜ ಸ್ಥಿತಿ ಹಾಗಿಲ್ಲ. ತೊಟ್ಟಿಲಿನ ಕಡೆಗೆ ಹೋಗುವ ದಾರಿಗಳು ಹಲವು. ಕೆಲವು ಬಲು ಕಡಿದು. ಯಾವ ದಾರಿಯಲ್ಲಿಯೂ ಹೆಣ್ಣೊಬ್ಬಳನ್ನೇ ನಡೆಯಗೊಡುವುದು ಧರ್ಮವಲ್ಲ.

ಒಲೆಯ ಮುಂದೆ ನಿಂತವನ ಪಾಲು

ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಲೋಕದಲ್ಲಿ ಪ್ರಾಯದವರ ಪೈಕಿ ಹೆಚ್ಚುಕಡಿಮೆ ಆರು ಜನರಲ್ಲಿ ಒಬ್ಬರು ಜೀವಮಾನದಲ್ಲಿ ಒಮ್ಮೆಯಾದರೂ ಈ ಸಂಕಟಕ್ಕೆ ಒಳಗಾಗುವರು. ಆದುದರಿಂದ ಇದು ಯಾವುದೋ ಒಂದು ಮನೆಯ ಶಾಪವಲ್ಲ. ಜ್ವರದಂತೆ, ಮಧುಮೇಹದಂತೆ ಎಲ್ಲ ಮನೆಗಳಿಗೂ ಬರಬಹುದಾದುದು. ಗಂಡಹೆಂಡಿರು ಹನ್ನೆರಡು ತಿಂಗಳು ಕೂಡಿ ಬಾಳಿಯೂ ಗರ್ಭ ನಿಲ್ಲದಿದ್ದರೆ ಮಾತ್ರ ವೈದ್ಯರು ಅದನ್ನು ಬಂಜೆತನವೆಂದು ಕರೆಯುತ್ತಾರೆ. ನಮ್ಮ ಭಟ್ಟರಂಥವರಿಗೆ ಒಂಬತ್ತು ವರುಷಗಳಾದರೂ ಆ ಹನ್ನೆರಡು ತಿಂಗಳು ತುಂಬಿರಲಿಲ್ಲವೆಂಬುದನ್ನು ಗಮನಿಸಬೇಕು. ಹೆಣ್ಣಿಗೆ ಮೂವತ್ತೈದು ದಾಟಿದ ಮೇಲೆ ಗರ್ಭಧಾರಣೆಯ ಶಕ್ತಿಯು ಬೇಗನೆ ಇಳಿಯುತ್ತ ಹೋಗುವುದರಿಂದ, ಮುಂದಿನ ವರುಷ ನೋಡೋಣವೆಂದು ದೂಡುವುದಕ್ಕೂ ಮಿತಿಯುಂಟು.

ಇನ್ನೊಂದು ಮುಖ್ಯ ಸಂಗತಿ. ಮಕ್ಕಳಾಗದ ದಂಪತಿಗಳ ಪೈಕಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಗಂಡಿನ ಕೊರತೆಯೂ, ಒಂಟಿಯಾಗಿಯೋ ಹೆಣ್ಣಿನ ಕೊರತೆಯೊಡನೆ ಸೇರಿಯೋ, ಕಾರಣವಾಗಿರುತ್ತದೆ. ವೀರ್ಯ ಪರೀಕ್ಷೆಯು ಅಗ್ಗದ್ದು, ಸುಲಭವಾದುದು, ನೋವಿಲ್ಲದ್ದು. ಆದರೂ ಹೆಂಡತಿಗೆ ಹತ್ತು ಪರೀಕ್ಷೆಗಳಾದರೂ ಗಂಡನಾದವನು ಒಂದಕ್ಕೂ ಮುಂದೆ ಬರುವುದಿಲ್ಲ. ಮರ್ಯಾದೆಗೆ ಕುಂದೆಂದು ತಿಳಿಯುತ್ತಾನೆ. ಹೆಂಡತಿಗೆ ಮರ್ಯಾದೆಯಿಲ್ಲವೇ?

ನಮ್ಮ ಉದ್ಯೋಗದವರು ತಿಳಿಯತಕ್ಕ ಮಾತೊಂದಿದೆ. ಪುರುಷಬೀಜವು ಚೆನ್ನಾಗಿ ಬೆಳೆಯಬೇಕಾದರೆ ಆ ಅಂಗಕ್ಕೆ ಮೈಯ ಉಳಿದ ಭಾಗಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆ ಶಾಖವಿರಬೇಕು. ನಿತ್ಯವೂ ಗಂಟೆಗಟ್ಟಲೆ ಒಲೆ, ಕುಲುಮೆ, ಭಟ್ಟಿಗಳ ಕಾವಿನಲ್ಲಿ ದುಡಿಯುವವರಲ್ಲಿ ಅದು ಕುಂದುವ ಸಂಭವವುಂಟೆಂದು ವೈದ್ಯರು ಹೇಳುತ್ತಾರೆ. ಬೀಡಿ, ಸಿಗರೇಟು, ಮದ್ಯಗಳು ಅದಕ್ಕೆ ಇನ್ನಷ್ಟು ಹಾನಿಯನ್ನು ಸೇರಿಸುತ್ತವೆ. ಬೀಜವು ಹೊಸದಾಗಿ ಬೆಳೆದು ಬರುವುದಕ್ಕೆ ಎರಡೂವರೆ ತಿಂಗಳಷ್ಟು ಕಾಲ ಹಿಡಿಯುವುದರಿಂದ, ಕೆಲವು ತಿಂಗಳು ಕಾವಲಿಯಿಂದ ದೂರವಾದ ಕೆಲಸಕ್ಕೆ ಬದಲಾಯಿಸಿಕೊಂಡು ನೋಡಬಹುದು. ಹೊಟೇಲು ಮಾಲಿಕರು ಇದನ್ನು ಗಮನಿಸಬೇಕೆಂದು ನಮ್ಮ ಪ್ರಾರ್ಥನೆ.

ಹೆಂಗಸರ ಪಾಲಿಗೆ ನಮ್ಮ ದೇಶದಲ್ಲಿ ಕ್ಷಯವೂ ಒಂದು ಗುಪ್ತ ಶತ್ರು. ಅದು ಪುಪ್ಪುಸಗಳನ್ನು ಮಾತ್ರವಲ್ಲದೆ ಗರ್ಭಕೋಶವನ್ನೂ ಅಂಡನಾಳಗಳನ್ನೂ ಹಿಡಿದು, ಕೆಮ್ಮಿಲ್ಲದೆ ಜ್ವರವಿಲ್ಲದೆ ನಾಳಗಳನ್ನು ಮುಚ್ಚಿಬಿಡಬಲ್ಲದು. ಮನೆಯಲ್ಲಿ ಯಾರಿಗಾದರೂ ಆ ರೋಗವಿದ್ದಿದ್ದರೆ ವೈದ್ಯರಿಗೆ ಮರೆಯದೆ ಹೇಳಬೇಕು. ಕ್ಷಯದ ಔಷಧವು ಸರಕಾರದ ದವಾಖಾನೆಗಳಲ್ಲಿ ಧರ್ಮಾರ್ಥವಾಗಿ ಸಿಗುತ್ತದೆ.

ವೈದ್ಯರು ತೆರೆದ ದಾರಿ

ದೇಹದ ಹೊರಗೆ ಗಾಜಿನ ಪಾತ್ರೆಯಲ್ಲಿ ಅಂಡವನ್ನೂ ಬೀಜವನ್ನೂ ಕೂಡಿಸಿ, ಬೆಳೆದ ಭ್ರೂಣವನ್ನು ತಾಯಿಯ ಗರ್ಭದಲ್ಲಿರಿಸುವ ವಿದ್ಯೆಯಿಂದ ಹುಟ್ಟಿದ ಮೊದಲ ಮಗು ಲೂಯಿಸ್ ಬ್ರೌನ್. ಇಂಗ್ಲೆಂಡಿನ ಓಲ್ಡಂ ಪಟ್ಟಣದಲ್ಲಿ 1978ರ ಜುಲೈ 25ರಂದು ಜನಿಸಿದವಳು. ಅದಾದ ಎಪ್ಪತ್ತು ದಿನಗಳಿಗೆ, ಅಕ್ಟೋಬರ್ 3ರಂದು, ನಮ್ಮ ಕಲಕತ್ತೆಯಲ್ಲಿಯೇ ಅಂಥ ಇನ್ನೊಂದು ಹೆಣ್ಣುಮಗು ಹುಟ್ಟಿತು. ಲೋಕವು ಅವಳನ್ನು ದುರ್ಗಾ ಎಂಬ ಹೆಸರಿನಿಂದ ಅರಿಯಿತು. ಇದನ್ನು ಸಾಧಿಸಿದವರು ಡಾಕ್ಟರ್ ಸುಭಾಷ್ ಮುಖೋಪಾಧ್ಯಾಯರು. ಆದರೆ ಅವರ ಮಾತನ್ನು ಯಾರೂ ನಂಬಲಿಲ್ಲ. ರಾಜ್ಯ ಸರಕಾರವು ನೇಮಿಸಿದ ಸಮಿತಿಯು ಅವರ ಸಾಧನೆಯನ್ನು ತಳ್ಳಿಹಾಕಿತು. ಅವರನ್ನು ಕಣ್ಣಿನ ವಿಭಾಗಕ್ಕೆ ವರ್ಗ ಮಾಡಲಾಯಿತು. ಮನನೊಂದ ಅವರು 1981ರ ಜೂನ್ 19ರಂದು ಆತ್ಮಹತ್ಯೆ ಮಾಡಿಕೊಂಡರು.

ಮುಂದೆ 1986ರ ಆಗಸ್ಟ್ 6ರಂದು ನಮ್ಮ ಮುಂಬಯಿಯ ಪರಳ ಭಾಗದ ಕೆ. ಇ. ಎಂ. ಆಸ್ಪತ್ರೆಯಲ್ಲಿ ಡಾಕ್ಟರ್ ಇಂದಿರಾ ಹಿಂದುಜಾ ಅವರ ಕೈಯಲ್ಲಿ ಹರ್ಷಾ ಎಂಬ ಮಗು ಜನಿಸಿತು. ಭಾರತದ ಮೊದಲನೆಯದೆಂದು ಅದನ್ನೇ ಎಣಿಸಲಾಯಿತು. ಆ ಕಾರ್ಯದಲ್ಲಿ ಪಾಲುಗೊಂಡಿದ್ದ ವಿಜ್ಞಾನಿ ಟಿ. ಸಿ. ಆನಂದಕುಮಾರ್ ಅವರು ಕೆಲವು ವರುಷಗಳ ಮೇಲೆ ಮುಖೋಪಾಧ್ಯಾಯರ ಕೈಬರಹದ ಟಿಪ್ಪಣಿಗಳನ್ನು ಓದಿ, ಮೊದಲಿಗರು ತಾವಲ್ಲ, ಆ ಬಂಗಾಲಿ ವೈದ್ಯರೇ ಎಂದು 1997ರಲ್ಲಿ ಬಹಿರಂಗವಾಗಿ ಸಾರಿದರು. ತನ್ನ ತಲೆಯ ಮೇಲಿನ ಕಿರೀಟವನ್ನು ತಾನೇ ತೆಗೆದು ಸತ್ತವನ ಹೆಸರಿಗೆ ತೊಡಿಸಿದ ಇಂಥ ಸತ್ಯನಿಷ್ಠೆ ಎಲ್ಲಿಯೂ ಅಪರೂಪ. ಹರ್ಷಾ 2016ರಲ್ಲಿ ತಾನೂ ತಾಯಿಯಾದಳು. ಆ ಹೆರಿಗೆಯನ್ನು ಮಾಡಿಸಿದವರೂ ಹಿಂದುಜಾ ಅವರೇ.

ಈ ದಾರಿಯು ಬಡವನಿಗೆ ಸುಲಭವಲ್ಲ. ಒಂದು ಸಲದ ಪ್ರಯತ್ನಕ್ಕೆ ಖಾಸಗಿಯವರಲ್ಲಿ ಲಕ್ಷ ರೂಪಾಯಿಗಳನ್ನು ಮೀರಿದ ವೆಚ್ಚ ತಗಲುತ್ತದೆ. ಮೊದಲ ಪ್ರಯತ್ನದಲ್ಲಿ ಫಲಿಸುವವರಿಗಿಂತ ಫಲಿಸದವರೇ ಹೆಚ್ಚು. ಚುಚ್ಚುಮದ್ದುಗಳನ್ನು ತಾಳಬೇಕಾದುದು ಹೆಣ್ಣಿನ ಮೈ. ಇದನ್ನು ನಿಯಂತ್ರಿಸಲು 2021ರಲ್ಲಿ ಕಾನೂನು ಆಗಿದ್ದು, ನೋಂದಣಿಯಾದ ಚಿಕಿತ್ಸಾಲಯಗಳೇ ಇದನ್ನು ನಡೆಸಬೇಕು; ಹೆಣ್ಣಿಗೆ 21ರಿಂದ 50, ಗಂಡಿಗೆ 21ರಿಂದ 55 ವರುಷಗಳ ಮಿತಿಯುಂಟು. ಖಚಿತ ಸಂತಾನವೆಂದು ಜಾಹೀರಾತು ಕೊಡುವವರ ಬಾಗಿಲಿಗೆ ಹೋಗುವ ಮೊದಲು ನೋಂದಣಿಯನ್ನು ಕೇಳಿರಿ. ಹೊಲವನ್ನು ಅಡವಿಡುವ ಮೊದಲು ಎರಡು ಸಲ ಯೋಚಿಸಿರಿ.

ಬೇರೊಬ್ಬಳ ಗರ್ಭದಲ್ಲಿ ಮಗುವನ್ನು ಬೆಳೆಸುವ ಪದ್ಧತಿಯೂ ಒಂದು ಕಾಲಕ್ಕೆ ದೊಡ್ಡ ವ್ಯಾಪಾರವಾಗಿ, ಗುಜರಾತಿನ ಆಣಂದವು ಅದಕ್ಕೆ ಹೆಸರಾಗಿತ್ತು. 2015ರಲ್ಲಿ ವಿದೇಶಿಯರಿಗೆ ಅದನ್ನು ನಿಲ್ಲಿಸಲಾಯಿತು. 2021ರ ಕಾನೂನು ಹಣಕ್ಕಾಗಿ ಗರ್ಭ ಹೊರುವುದನ್ನೇ ನಿಷೇಧಿಸಿತು. ಒಮ್ಮೆ ತಾಯಿಯಾದ ವಿವಾಹಿತೆಯು ಜೀವಮಾನದಲ್ಲಿ ಒಂದೇ ಸಲ, ಆಸ್ಪತ್ರೆಯ ವೆಚ್ಚವನ್ನೂ ವಿಮೆಯನ್ನೂ ಬಿಟ್ಟು ಬೇರೆ ಪ್ರತಿಫಲವಿಲ್ಲದೆ, ಈ ಉಪಕಾರವನ್ನು ಮಾಡಬಹುದು.

ಮಡಿಲಿಗೆ ಬಂದ ಮಗು

ದತ್ತಕವು ನಮ್ಮವರಿಗೆ ಹೊಸದಲ್ಲ. ಕಿತ್ತೂರಿನ ರಾಣಿ ಚೆನ್ನಮ್ಮನು ಖಡ್ಗವನ್ನು ಹಿಡಿದುದು ಏತಕ್ಕೆ? ಶಿವಲಿಂಗಪ್ಪನ ದತ್ತಕವನ್ನು ಕಂಪನಿ ಸರಕಾರವು ಒಪ್ಪದೆ ಸಂಸ್ಥಾನವನ್ನು ನುಂಗಲು ಬಂದುದಕ್ಕೆ. 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಹತನಾದನು. ರಾಣಿಯು 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಪ್ರಾಣ ಬಿಟ್ಟಳು. ದತ್ತು ಬಂದ ಮಗುವೂ ಮನೆಯ ಮಗುವೇ ಎಂಬ ಮಾತಿಗಾಗಿ ಒಂದು ಸಂಸ್ಥಾನವೇ ಹೋರಾಡಿದ ನಾಡು ನಮ್ಮದು.

ಆದರೆ ಅಂದಿನ ದತ್ತಕವು ವಂಶಕ್ಕೆ, ಪಿಂಡಕ್ಕೆ, ಆಸ್ತಿಗೆ. ಆದುದರಿಂದ ಸಾಮಾನ್ಯವಾಗಿ ಗಂಡುಮಗುವೇ ಬೇಕು, ತನ್ನ ಕುಲದ್ದೇ ಬೇಕು. ಹೆಣ್ಣಿನಿಂದಲೇ ಸಂತಾನವನ್ನು ಎಣಿಸುವ ತುಳುನಾಡಿನ ಅಳಿಯಸಂತಾನದ ಮನೆಗಳ ನಡೆ ಮಾತ್ರ ಬೇರೆಯಾಗಿತ್ತು. 1956ರ ಕಾನೂನು ಹೆಣ್ಣುಮಗುವನ್ನೂ ದತ್ತು ತೆಗೆದುಕೊಳ್ಳಬಹುದೆಂದಿತು. ಅವಿವಾಹಿತೆಗೂ ವಿಧವೆಗೂ ತನ್ನ ಹೆಸರಿನಲ್ಲಿಯೇ ದತ್ತು ಪಡೆಯುವ ಅಧಿಕಾರವನ್ನು ಕೊಟ್ಟಿತು. ವಿಚಿತ್ರವೇನೆಂದರೆ ಗಂಡನುಳ್ಳವಳಿಗೆ ಆ ಅಧಿಕಾರವು ಬಂದುದು 2010ರ ತಿದ್ದುಪಡಿಯಿಂದ, ಅದೂ ಗಂಡನ ಸಮ್ಮತಿಯಿಂದ.

ನಮ್ಮ ಜನರಲ್ಲಿ ತಮ್ಮನ ಮಗುವನ್ನೋ ತಂಗಿಯ ಮಗುವನ್ನೋ ಬಾಯಿಮಾತಿನಲ್ಲಿ ತಂದು ಸಾಕುವುದುಂಟು. ಪ್ರೀತಿಗೆ ಕಾಗದ ಬೇಡ, ನಿಜ. ಆದರೆ ಶಾಲೆಗೆ, ಪಾಸ್‌ಪೋರ್ಟಿಗೆ, ನಾಳೆ ಪಾಲುಪಟ್ಟಿಗೆ ಕಾಗದ ಬೇಕು. ಹದಿನೈದು ತುಂಬದ ಮಗುವನ್ನು ಹೆತ್ತವರು ಕೈಯಾರೆ ಕೊಟ್ಟು, ಪಡೆದವರು ಕೈಯಾರೆ ಪಡೆದು, ಪತ್ರವನ್ನು ರಿಜಿಸ್ಟರು ಮಾಡಿಸಿಕೊಂಡರೆ ಮುಂದೆ ನ್ಯಾಯಾಲಯವು ಆ ದತ್ತಕವನ್ನು ಸರಿಯೆಂದೇ ಭಾವಿಸಿ ಹೊರಡುತ್ತದೆ. ಹಣ ಕೊಟ್ಟು ಮಗುವನ್ನು ಪಡೆಯುವುದು ಅಪರಾಧ. ಆಸ್ಪತ್ರೆಯ ಹಿಂಬಾಗಿಲಿನಲ್ಲಿ ಮಗು ಕೊಡಿಸುತ್ತೇವೆನ್ನುವ ದಲ್ಲಾಳಿಗಳನ್ನು ಮನೆಯ ಮೆಟ್ಟಿಲು ಹತ್ತಿಸಬೇಡಿರಿ. ಆ ಮಗುವಿನ ಹಿಂದೆ ಅಳುವ ತಾಯಿಯೊಬ್ಬಳಿರಬಹುದು.

ಅನಾಥ ಮಗುವನ್ನು ಪಡೆಯುವುದಕ್ಕೆ ರಾಜಮಾರ್ಗವೊಂದಿದೆ. ಕೇಂದ್ರ ಸರಕಾರದ ದತ್ತಕ ಪ್ರಾಧಿಕಾರವಾದ ‘ಕಾರಾ’ದಲ್ಲಿ ಹೆಸರನ್ನು ನೋಂದಾಯಿಸಬೇಕು. ಸಮಾಜ ಕಾರ್ಯಕರ್ತರು ಮನೆಗೆ ಬಂದು ನೋಡಿ ವರದಿ ಕೊಡುವರು. ಮದುವೆಯಾಗಿ ಎರಡು ವರುಷಗಳಾದರೂ ಆಗಿರಬೇಕು. ಇಬ್ಬರ ಒಪ್ಪಿಗೆಯೂ ಬೇಕು. 2022ರ ನಿಯಮಗಳಂತೆ ಎರಡು ವರುಷದೊಳಗಿನ ಮಗುವಿಗೆ ಗಂಡಹೆಂಡಿರ ವಯಸ್ಸುಗಳು ಕೂಡಿ 85ನ್ನು ಮೀರಬಾರದು. ಒಂಟಿ ಹೆಂಗಸು ಗಂಡನ್ನಾಗಲಿ ಹೆಣ್ಣನ್ನಾಗಲಿ ಪಡೆಯಬಹುದು; ಒಂಟಿ ಗಂಡಸಿಗೆ ಹೆಣ್ಣುಮಗುವನ್ನು ಕೊಡುವುದಿಲ್ಲ. ಕೊನೆಯ ಆಜ್ಞೆಯನ್ನು ಮೊದಲು ನ್ಯಾಯಾಲಯವು ಕೊಡುತ್ತಿತ್ತು. 2021ರ ತಿದ್ದುಪಡಿಯಿಂದ ಆ ಕೆಲಸವು ಜಿಲ್ಲಾಧಿಕಾರಿಗೆ ಬಂದಿತು. ಪುಟ್ಟ ಮಗುವಿಗಾಗಿ ಕೆಲವು ವರುಷಗಳೇ ಕಾಯಬೇಕಾಗುತ್ತದೆ. ಹೊರುವವಳಿಗೆ ಒಂಬತ್ತು ತಿಂಗಳಾದರೆ ಈ ತಾಯಿಗೆ ಮೂರು ನಾಲ್ಕು ವರುಷ.

ಹೆರದೆ ತಾಯಾದವರು, ಹೆರಿಸಿ ತಾಯಾದವರು

ಈ ಎಲ್ಲ ದಾರಿಗಳ ಆಚೆಗೆ ತಮ್ಮ ದಾರಿಯನ್ನು ತಾವೇ ಕಡಿದುಕೊಂಡವರೂ ಇದ್ದಾರೆ. ಮಾಗಡಿ ಸೀಮೆಯ ಹುಲಿಕಲ್ಲಿನ ತಿಮ್ಮಕ್ಕನನ್ನು ಯಾವ ಕನ್ನಡಿಗನು ಅರಿಯನು? ಮಕ್ಕಳಿಲ್ಲವೆಂದು ಜನ ಆಡಿಕೊಂಡಾಗ ಆಕೆ ಪತಿ ಚಿಕ್ಕಯ್ಯನೊಡನೆ ಹುಲಿಕಲ್ಲು ಕುದೂರುಗಳ ನಡುವಿನ ರಸ್ತೆಯಲ್ಲಿ ಆಲದ ಸಸಿಗಳನ್ನು ನೆಟ್ಟಳು. ಕೊಡಗಳಲ್ಲಿ ನೀರು ಹೊತ್ತು ಬೆಳೆಸಿದಳು. ಆ ಸಾಲುಮರಗಳ ಹೆಸರೇ ಆಕೆಯ ಹೆಸರಿನ ಮುಂದೆ ನಿಂತಿತು. 2019ರಲ್ಲಿ ಪದ್ಮಶ್ರೀಯನ್ನು ಪಡೆದ ಆ ವೃದ್ಧೆಯು 2025ರ ನವೆಂಬರಿನಲ್ಲಿ ತೀರಿಕೊಂಡಾಗ ನಾಡೇ ಮಗುವಾಗಿ ಅತ್ತಿತು. ಇಲ್ಲಿ ಮರೆಯಬಾರದ ಮಾತೆಂದರೆ ಚಿಕ್ಕಯ್ಯನದು. ಅವನು ಬೇರೆ ಮದುವೆಗೆ ಹೋಗಲಿಲ್ಲ. ಹೆಂಡತಿಯೊಡನೆ ನೀರಿನ ಕೊಡವನ್ನು ಹೊತ್ತನು.

ಮಹಾರಾಷ್ಟ್ರದ ಸಿಂಧುತಾಯಿ ಸಪಕಾಳರನ್ನು ತುಂಬಿದ ಗರ್ಭಿಣಿಯಾಗಿದ್ದಾಗ ಗಂಡನು ಮನೆಯಿಂದ ಹೊರಹಾಕಿದನು. ಆಕೆ ದನದ ಕೊಟ್ಟಿಗೆಯಲ್ಲಿ ಹೆತ್ತಳು. ರೈಲ್ವೆ ನಿಲ್ದಾಣಗಳಲ್ಲಿ ಹಾಡಿ ಬೇಡಿ ಹೊಟ್ಟೆ ಹೊರೆದಳು. ಅಲ್ಲಿಯೇ ಕಂಡ ದಿಕ್ಕಿಲ್ಲದ ಮಕ್ಕಳನ್ನು ಕೂಡಿಸಿಕೊಂಡು ಸಾವಿರಕ್ಕೆ ಮಿಕ್ಕಿದ ಅನಾಥರಿಗೆ ತಾಯಿಯಾದಳು. ಹೆತ್ತ ಮಗಳ ಮೇಲೆ ಪಕ್ಷಪಾತ ಬಂದೀತೆಂದು ಅವಳನ್ನು ಪುಣೆಯ ಸಂಸ್ಥೆಯೊಂದರ ಆಶ್ರಯದಲ್ಲಿ ಬೆಳೆಯಬಿಟ್ಟಳು. 2022ರ ಜನವರಿ 4ರಂದು ಆಕೆ ಪುಣೆಯಲ್ಲಿ ನಿಧನ ಹೊಂದಿದಳು. ಮುಂಬಯಿಯ ಗೌರಿ ಸಾವಂತರು ತೃತೀಯ ಲಿಂಗದವರು. ತಾಯಿ ಸತ್ತ ಹುಡುಗಿಯೊಬ್ಬಳನ್ನು, ಕೆಟ್ಟ ದಂಧೆಗೆ ಬೀಳದಂತೆ, ತಂದು ಮಗಳಾಗಿ ಸಾಕಿದರು.

ಪಾವಗಡದ ಸೂಲಗಿತ್ತಿ ನರಸಮ್ಮನದು ಇನ್ನೊಂದು ಬಗೆ. ಕೂಲಿಯನ್ನು ಕೇಳದೆ ಹದಿನೈದು ಸಾವಿರಕ್ಕೂ ಮಿಕ್ಕಿದ ಹೆರಿಗೆಗಳನ್ನು ಮಾಡಿಸಿದ ಆಕೆಗೆ 2018ರಲ್ಲಿ ಪದ್ಮಶ್ರೀ ದೊರೆಯಿತು; ಅದೇ ವರುಷದ ಡಿಸೆಂಬರ್ 25ರಂದು ಆಕೆ ಕಣ್ಮುಚ್ಚಿದಳು. ಹೆರಿಗೆಯೆಂಬುದು ಹೆಣ್ಣಿಗೆ ಪುನರ್ಜನ್ಮವೆಂದು ಹಿರಿಯರು ಹೇಳಿದುದು ಸುಳ್ಳಲ್ಲ. ನಮ್ಮ ದೇಶದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 2004–06ರಲ್ಲಿ 254 ತಾಯಂದಿರು ಸಾಯುತ್ತಿದ್ದರು. 2018–20ರಲ್ಲಿ ಆ ಸಂಖ್ಯೆ 97ಕ್ಕೆ ಇಳಿಯಿತು. ಕರ್ನಾಟಕದಲ್ಲಿ 69, ಮಹಾರಾಷ್ಟ್ರದಲ್ಲಿ 33. ಇಳಿದುದು ಸಂತೋಷ. ಆದರೆ ಚೊಚ್ಚಲ ಹೆರಿಗೆಗೆಂದು ತವರಿಗೆ ಹೋದ ಮಡದಿಯನ್ನು ಮರೆತು, ಮಗು ಹುಟ್ಟಿದ ಸುದ್ದಿಗೆ ಮಾತ್ರ ಕಾಯುವ ಗಂಡನು ಈ ಅಂಕಿಗಳನ್ನೊಮ್ಮೆ ಓದಲಿ.

ಇನ್ನೊಂದು ವರ್ಗದ ತಾಯಂದಿರು ನಮ್ಮ ನಡುವೆಯೇ ಇದ್ದಾರೆ. ಖೋಲಿಯಲ್ಲಿ ಜಾಗವಿಲ್ಲವೆಂದು, ಇಬ್ಬರೂ ದುಡಿಯಬೇಕೆಂದು, ಎರಡು ವರುಷದ ಮಗುವನ್ನು ಅಜ್ಜಿಯ ಬಳಿ ಊರಿನಲ್ಲಿ ಬಿಟ್ಟು ಬಂದವರು. ಬಸ್ಸು ಹೊರಟಾಗ ಮಗುವಿಗೆ ಕಾಣದಂತೆ ತಿರುಗಿ ಕುಳಿತವರು. ಇವರನ್ನು ಕಲ್ಲೆದೆಯವರೆಂದು ಹಳಿಯುವವರಿಗೆ ಮುಂಬಯಿಯ ಬಾಡಿಗೆಯ ಅರಿವಿಲ್ಲ. ಊರಿನಲ್ಲಿರುವ ಆ ಅಜ್ಜಿಯೂ ಅರುವತ್ತರಲ್ಲಿ ಎರಡನೆಯ ಸಲ ತಾಯಿಯಾದವಳೇ.

ಕೊನೆಗೆ ಭಟ್ಟರ ಮಾತು

ವಾಚಕರಿಗೆ ಭಟ್ಟರ ಕಥೆಯ ಶೇಷವನ್ನು ತಿಳಿಸಬೇಕಲ್ಲವೆ? ಮದುವೆಗೆ ಮುಂಗಡವನ್ನು ಕೊಡದ ನಾವು ಡೊಂಬಿವಿಲಿಯಲ್ಲಿ ಒಂದು ಖೋಲಿಗೆ ಡಿಪಾಜಿಟ್ಟು ಕೊಟ್ಟೆವು. ಹೆಂಡತಿಯು ಊರಿನಿಂದ ಬಂದಳು. ಒಂದು ವರುಷ ಕಳೆದರೂ ಫಲ ಕಾಣದಾಗ ಇಬ್ಬರೂ ವೈದ್ಯರಲ್ಲಿಗೆ ಹೋದರು. ಅವಳಲ್ಲಿ ಯಾವ ಕೊರತೆಯೂ ಇರಲಿಲ್ಲ. ಕೊರತೆಯಿದ್ದುದು ಭಟ್ಟರಲ್ಲಿ.

ಆ ಹೆಣ್ಣುಮಗಳು ಪರೀಕ್ಷೆಯ ಚೀಟಿಯನ್ನು ಮಡಚಿ ಪೆಟ್ಟಿಗೆಯ ತಳದಲ್ಲಿಟ್ಟಳು. ಊರಿನಲ್ಲಿ ಯಾರಿಗೂ ಹೇಳಲಿಲ್ಲ. ಒಂಬತ್ತು ವರುಷ ಹೊತ್ತ ಹೆಸರನ್ನು ಗಂಡನ ಮಾನಕ್ಕಾಗಿ ಇನ್ನೂ ಹೊರಲು ಸಿದ್ಧಳಾದಳು. ಸಾಲ ಮಾಡಿ ಒಮ್ಮೆ ಆಸ್ಪತ್ರೆಯ ಪ್ರಯತ್ನವನ್ನೂ ಮಾಡಿದರು; ಕೈಗೂಡಲಿಲ್ಲ. ಬಳಿಕ ದತ್ತಕಕ್ಕೆ ಹೆಸರು ಕೊಟ್ಟು ಮೂರೂವರೆ ವರುಷ ಕಾದರು. ಒಂದು ದಿನ ಹದಿನೆಂಟು ತಿಂಗಳ ಹೆಣ್ಣುಮಗು ಮನೆಗೆ ಬಂದಿತು.

ಹೆಸರಿಡುವ ಶಾಸ್ತ್ರವನ್ನು ಊರಿನಲ್ಲಿಯೇ ಮಾಡಬೇಕೆಂದು ಭಟ್ಟರು ಹಟ ಹಿಡಿದರು. ನಾವೂ ಹೋಗಿದ್ದೆವು. ಅಂಗಳದಲ್ಲಿ ನೆಂಟರೆಲ್ಲ ಕೂಡಿದ್ದರು. ಯಾವ ಕುಲದ್ದೋ ಏನೋ, ಬಂಜೆಗೆ ಇಷ್ಟಾದರೂ ದಕ್ಕಿತಲ್ಲ ಎಂದು ಮುದುಕಿಯೊಬ್ಬಳು ಎಲ್ಲರಿಗೂ ಕೇಳುವಂತೆ ಅಂದಳು. ನಮ್ಮ ಮಿತಭಾಷಿ ಭಟ್ಟರು ಎದ್ದು ನಿಂತರು. "ಅವಳು ಬಂಜೆಯಲ್ಲ. ಕೊರತೆ ನನ್ನದು. ಡಾಕ್ಟರು ಬರೆದುಕೊಟ್ಟಿದ್ದಾರೆ" ಎಂದರು. ಅಂಗಳವು ನಿಶ್ಶಬ್ದವಾಯಿತು. ಭಟ್ಟರ ತಾಯಿಯು ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಸೊಸೆಯ ಕೈಯಿಂದ ಮಗುವನ್ನು ಎತ್ತಿಕೊಂಡು ತೊಟ್ಟಿಲಿಗೆ ಹಾಕಿದಳು.

ಆ ಮಗು ಈಗ ಶಾಲೆಗೆ ಹೋಗುತ್ತಿದೆ. ಭಟ್ಟರ ನಾಲ್ಕು ಮಾತುಗಳಿಗೆ ಹನ್ನೆರಡು ವರುಷಗಳ ಕಾವಲಿಯ ಶಾಖಕ್ಕಿಂತ ಹೆಚ್ಚಿನ ಧೈರ್ಯ ಬೇಕಾಗಿತ್ತೆಂದು ನಾವು ಬಲ್ಲೆವು. ವಾಚಕರಲ್ಲಿ ಮಕ್ಕಳಿಗಾಗಿ ಹಂಬಲಿಸುವವರಿದ್ದರೆ ಅವರಿಗೆ ನಮ್ಮ ವಿನಂತಿ ಇಷ್ಟೇ. ಮೊದಲು ಹೆಂಡತಿಯೊಡನೆ ಬಾಳಿರಿ. ವೈದ್ಯರಲ್ಲಿಗೆ ನೀವೂ ಹೋಗಿರಿ. ಯಾವ ದಾರಿಯನ್ನು ಹಿಡಿದರೂ ಇಬ್ಬರೂ ಕೂಡಿ ಹಿಡಿಯಿರಿ. ದಾರಿಗಳೆಲ್ಲ ಮುಚ್ಚಿದವೆಂದು ತೋರಿದರೂ ಆಕೆಯ ಹೆಸರಿಗೆ ಕಲಂಕವನ್ನು ತರಬೇಡಿರಿ. ಮಾಲಿಕರಿಗೂ ಒಂದು ಮಾತು: ನಾವು ಮಾಡಿದ ತಪ್ಪನ್ನು ನೀವು ಮಾಡಬೇಡಿರಿ. ನಿಮ್ಮ ರಜೆಯ ಪುಸ್ತಕವನ್ನು ಈ ರಾತ್ರಿಯೇ ಒಮ್ಮೆ ತೆರೆದು ನೋಡಿರಿ.